ಚೆನ್ನಾಗಿರುವ ಮಗು

ಆ ಮನೆಯಲ್ಲಿ ಜಗಳವಾಡುವವರಿಗೆ ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲ. ಮುಂದಿನ ಕೋಣೆಯಿಂದ ಹಿಂದಿನ ಅಂಗಳದವರೆಗೂ ಹಗ್ಗ, ಹಗ್ಗದ ತುಂಬ ಆಸ್ಪತ್ರೆಯ ಬಿಳಿ ಹಾಸುಗಳು. ಒಬ್ಬರು ಒಂದು ಹಾಸಿನ ಹಿಂದಿನಿಂದ ಮಾತು ಎಸೆದರೆ ಇನ್ನೊಬ್ಬರು ಮೂರನೆಯ ಹಾಸಿನ ಹಿಂದೆ ನಿಂತು ಅದನ್ನು ಹಿಡಿದುಕೊಳ್ಳುವರು. ನಡುವೆ ಬಾಯ್ಲರಿನ ಆವಿ ಮೆಲ್ಲಗೆ ಎದ್ದು, ಕಿಟಕಿಯ ಬೆಳಕನ್ನು ಹಾಲಿನ ಹಾಗೆ ಕದಡಿ, ಬೈಗುಳವನ್ನೂ ಅರ್ಧ ಕರಗಿಸಿ ದಾಟಿಸುತ್ತಿತ್ತು. ಹೊಸಬರು ಒಳಗೆ ಕಾಲಿಟ್ಟರೆ, ಮೋಡದೊಳಗೆ ಯಾರೋ ಸಂಸಾರ ಹೂಡಿದ್ದಾರೆ ಅನ್ನಿಸಬೇಕು.

ಆ ಮೋಡದ ಯಜಮಾನಿ ನೀಲಿಯಜ್ಜಿ. ಹಾಸುಗಳ ಹಳದಿ ಹೋಗಲೆಂದು ಹಾಕುವ ನೀಲಿಯನ್ನು ಬಕೆಟ್ಟಿನಲ್ಲಿ ಕದಡಿ ಕದಡಿ ಅವಳ ಬಲಗೈ ಬೆರಳುಗಳಿಗೆ ಆ ಬಣ್ಣವೇ ಹುಟ್ಟುಬಣ್ಣವಾಗಿತ್ತು. ಹೆಸರಿಟ್ಟವರು ಬೀದಿಯ ಮಕ್ಕಳು. ಮೊದಮೊದಲು ಅವರನ್ನು ಅಟ್ಟಿಸಿಕೊಂಡು ಹೋಗುತ್ತಿದ್ದಳು, ಆಮೇಲೆ ಅದೇ ಹೆಸರಿಗೆ ಓಗೊಡತೊಡಗಿದಳು. ಗಂಡ ಬಾಯ್ಲರ್ ಕಾಯುವವನು. ಅದರ ಮೊರೆತ ಕೇಳಿ ಕೇಳಿ ಈಗ ಅವನ ಕಿವಿಗೆ ತನಗೆ ಬೇಕಾದದ್ದು ಮಾತ್ರ ಬೀಳುತ್ತದೆ. ಮಗ ವ್ಯಾನಿನವನು, ಆಸ್ಪತ್ರೆಯ ಹಿಂದಿನ ಗೇಟಿನಿಂದ ಕೊಳೆ ಗಂಟು ತರುತ್ತಾನೆ, ಒಗೆದ ಗಂಟು ಒಯ್ಯುತ್ತಾನೆ. ಸೊಸೆ ಇಸ್ತ್ರಿ ಮೇಜಿನವಳು. ಇವರ ನಡುವೆ ಈಗ ಐದನೆಯವನೊಬ್ಬ ಬಂದು, ಹಾಸು ತುಂಬುವ ಬೆತ್ತದ ಬುಟ್ಟಿಯಲ್ಲಿ ಮಲಗಿ, ತಲೆಯ ಮೇಲೆ ತೂಗುವ ಬಿಳುಪನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದ. ಅವನಿಗೆ ಹೆಸರೇನೋ ಇತ್ತು, ಆದರೆ ಎಲ್ಲರ ಬಾಯಲ್ಲೂ ಅವನು ಗುಂಡ.

ಗುಂಡ ಹೊಟ್ಟೆಯಲ್ಲಿದ್ದಾಗಲೇ ಸ್ಕ್ಯಾನಿನಲ್ಲಿ ಅವನ ಎಡ ಶ್ವಾಸಕೋಶದ ಕೆಳಭಾಗದಲ್ಲಿ ನೊರೆಯಂಥ ಒಂದು ಮಚ್ಚೆ ಕಂಡಿತ್ತು. ಅಷ್ಟು ಭಾಗ ಸರಿಯಾಗಿ ರೂಪುಗೊಂಡಿಲ್ಲ, ಗುಳ್ಳೆಗಳಾಗಿವೆ ಎಂದಿದ್ದರು ಡಾಕ್ಟರು. ಮನೆಯವರೆಲ್ಲ ಜೀವ ಕೈಯಲ್ಲಿ ಹಿಡಿದು ಕೂತಿದ್ದಾಗ, ಕೊನೆಯ ತಿಂಗಳ ಸ್ಕ್ಯಾನಿನಲ್ಲಿ ಆ ಮಚ್ಚೆ ಅಷ್ಟಾಗಿ ಕಾಣಿಸಲಿಲ್ಲ. ಹುಟ್ಟಿದಾಗ ಗುಂಡ ವಾರ್ಡಿಗೆ ವಾರ್ಡೇ ತಿರುಗಿ ನೋಡುವ ಹಾಗೆ ಅತ್ತ. ಎದೆಯ ಎಕ್ಸ್‌ರೇಯಲ್ಲೂ ಏನೂ ಸಿಗಲಿಲ್ಲ. ಮನೆಗೆ ಕಳಿಸುವಾಗ ಮಕ್ಕಳ ಸರ್ಜನ್ ಮಾತ್ರ ಒಂದು ಮಾತು ಹೇಳಿದ್ದಳು: "ಎಕ್ಸ್‌ರೇಲಿ ಕಾಣಲಿಲ್ಲ ಅಂದ್ರೆ ಹೋಯ್ತು ಅಂತ ಅಲ್ಲ. ಮೂರು ತಿಂಗಳು ತುಂಬಲಿ, ಸಿ.ಟಿ. ಸ್ಕ್ಯಾನ್ ಮಾಡಿ ನೋಡೋಣ. ಅಲ್ಲೀವರೆಗೆ ಜ್ವರ, ಏದುಸಿರು ಬಂದ್ರೆ, ತುಟಿ ನೀಲಿಗಟ್ಟಿದ್ರೆ ಒಂದು ಕ್ಷಣಾನೂ ಕಾಯಬೇಡಿ."

ನೀಲಿಯಜ್ಜಿಯ ಲೆಕ್ಕದಲ್ಲಿ ಅದು ಹೋಗಿತ್ತು. ಕಾಣದ ಕಲೆಗೆ ಯಾರಾದರೂ ಸೋಪು ಹಚ್ಚುತ್ತಾರೆಯೆ?

ಸೊಸೆ ಬಿಡಲಿಲ್ಲ. ಮೂರು ತಿಂಗಳು ತುಂಬಿದ ವಾರವೇ ಗಂಡನನ್ನು ಎಳೆದುಕೊಂಡು ಹೋಗಿ ಸ್ಕ್ಯಾನ್ ಮಾಡಿಸಿ ಬಂದಳು. ಮಧ್ಯಾಹ್ನದ ಹೊತ್ತು. ಅಜ್ಜಿ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಳು.

"ಇದೆ ಅತ್ತೆ," ಎಂದಳು ಸೊಸೆ, ಹಾಸಿನ ಆ ಕಡೆಯಿಂದ. "ಸ್ಕ್ಯಾನಲ್ಲಿ ಚೆನ್ನಾಗಿ ಕಾಣ್ತು. ಕೆಳಗಿನ ಭಾಗ ಪೂರ್ತಿ ಗುಳ್ಳೆ. ಗಾಳಿ ಒಳಗೆ ಹೋಗಿ ಸಿಕ್ಕಿಕೊಳ್ಳುತ್ತಂತೆ. ಕಫ ಕೂತ್ರೆ ಹೊರಗೆ ಬರಲ್ಲ, ಮುಂದೆ ಸೋಂಕು ಆಗಬಹುದು ಅಂದ್ರು. ಅಪರೂಪಕ್ಕೆ ಕೆಟ್ಟ ಗಡ್ಡೆನೂ ಆಗಬಹುದಂತೆ."

"ಆಗಬಹುದು, ಹೋಗಬಹುದು. ಈ ಸೂರೂ ನಾಳೆ ಕುಸೀಬಹುದು. ಅದಕ್ಕೆ ಇವತ್ತೇ ಕೆಡವೋಣ್ವಾ?"

ಮಗ ಇನ್ನೊಂದು ಹಾಸಿನ ಹಿಂದಿನಿಂದ ಕೆಮ್ಮಿದ. "ಅಮ್ಮ, ಆರು ತಿಂಗಳ ಸುಮಾರಿಗೆ ಆಪರೇಷನ್ ಮಾಡಿ ಆ ಭಾಗ ತೆಗೆದುಬಿಡೋದು ಒಳ್ಳೇದು ಅಂತಾರೆ. ಒಂದ್ಸಲ ಸೋಂಕಾದ್ರೆ ಸುತ್ತ ಎಲ್ಲ ಅಂಟಿಕೊಂಡುಬಿಡುತ್ತೆ, ಆಮೇಲೆ ತೆಗೆಯೋದು ಕಷ್ಟ. ಬೇಡ ಅಂದ್ರೆ ನೋಡ್ತಾ ಕಾಯೋದೂ ಉಂಟಂತೆ. ಕೆಲವು ಡಾಕ್ಟ್ರು ಹಾಗೇ ಹೇಳ್ತಾರಂತೆ."

"ಆ ಕೆಲವು ಡಾಕ್ಟ್ರೇ ನಮ್ಮ ಡಾಕ್ಟ್ರು. ಮುಗೀತು."

"ಮುಗೀಲಿಲ್ಲ," ಎಂದಳು ಸೊಸೆ.

"ನೋಡೇ, ಮಗು ಹಾಲು ಕುಡೀತಾನೆ, ನಗ್ತಾನೆ, ನಿನ್ನೆ ನನ್ನ ಮೂಗು ಹಿಡಿದು ಎಳೆದ. ಚೆನ್ನಾಗಿರೋ ಮಗೂನ ಕೊಯ್ಯೋಕೆ ಕೊಡ್ತೀಯಾ?" ಚಾಕು ತಟ್ಟೆಯ ಮೇಲೆ ಬಿತ್ತು. "ಇದೆಲ್ಲ ಯಾಕೆ ಬಂತು ಅಂತ ಕೇಳಿದೆಯಾ? ಬ್ಲೀಚಿನ ಘಾಟು ಅಂದಿರಬೇಕು. ಮೂಗಿಗೆ ಬಟ್ಟೆ ಕಟ್ಕೋ ಅಂತ ಬಡ್ಕೊಂಡೆ."

"ಕಟ್ಕೊಂಡೇ ಇದ್ದೆ. ಎಂಟನೇ ತಿಂಗಳಲ್ಲೂ ಇಸ್ತ್ರಿ ಮೇಜಿನ ಮುಂದೆ ನಿಲ್ಲಿಸಿದ್ದು ಯಾರು?"

ಆವಿ ಒಂದು ಸಲ ಉಸ್ಸೆಂದಿತು.

"ಅದನ್ನೇ ಕೇಳಿದೆ ಅವರನ್ನ," ಸೊಸೆಯ ದನಿ ಇಳಿಯಿತು. "ಘಾಟಿಂದಲ್ಲ, ನಿಂತಿದ್ದಕ್ಕಲ್ಲ, ತಿಂದಿದ್ದಕ್ಕಲ್ಲ ಅಂದ್ರು. ಇನ್ನೂ ನನ್ನ ಹೊಟ್ಟೆನೇ ಕಾಣದಿದ್ದ ಕಾಲದಲ್ಲಿ, ಶ್ವಾಸಕೋಶ ಕವಲೊಡೆಯೋವಾಗ, ತಾನಾಗೇ ಹಾಗಾಗಿಬಿಡುತ್ತಂತೆ. ಯಾರ ತಪ್ಪೂ ಅಲ್ಲ."

ಯಾರ ತಪ್ಪೂ ಅಲ್ಲ ಎಂಬ ಮಾತಿಗೆ ಆ ಮನೆಯಲ್ಲಿ ಕೂರಲು ಜಾಗವಿರಲಿಲ್ಲ. ಅಲ್ಲಿ ಪ್ರತಿ ಕಲೆಗೂ ಒಬ್ಬ ವಾರಸುದಾರನಿರಬೇಕು. ಹಾಸು ಹರಿದರೆ ಆಸ್ಪತ್ರೆಯವರು ಕೇಳುವ ಮೊದಲ ಪ್ರಶ್ನೆಯೇ ಯಾರ ಕೈ ಎಂದು. ದುಡಿದು ತಿನ್ನುವವರ ಮನೆಯ ಕೂಸಿಗೆ ಏನಾದರೂ ಆದರೆ ತಾಯಿಯ ಕೈಯನ್ನು ಮೂಸಿ ನೋಡುವುದು ಈ ಲೋಕದ ಹಳೆಯ ಚಾಳಿ. ಅದನ್ನು ಕಲಿಸಿದವರು ಯಾರೋ; ಮರೆಯದೆ ಪಾಲಿಸುವವರು ಮಾತ್ರ ಆ ತಾಯಿಯ ಪಕ್ಕದಲ್ಲೇ ಆಲೂಗಡ್ಡೆ ಸುಲಿಯುತ್ತ ಕೂತಿರುತ್ತಾರೆ.

"ಯಾರ ತಪ್ಪಂತೆ?" ಬಾಯ್ಲರಿನ ಕಡೆಯಿಂದ ಮುದುಕ ಕೂಗಿದ.

"ನಿಮ್ಮದು," ಎಂದಳು ಅಜ್ಜಿ. "ಊಟಕ್ಕೆ ಬನ್ನಿ."

ಅಂದಿನಿಂದ ಅತ್ತೆ ಸೊಸೆಯರ ಮಾತು ಬುಟ್ಟಿಯ ಮೂಲಕವೇ ನಡೆಯಿತು.

"ಗುಂಡಾ, ನಿಮ್ಮಜ್ಜಿಗೆ ಹೇಳು, ಬ್ರೆಡ್ಡು ಖಾಲಿಯಾಗಿದೆ."

"ಗುಂಡಾ, ನಿಮ್ಮಮ್ಮಂಗೆ ಹೇಳು, ಕಣ್ಣಿದ್ರೆ ಡಬ್ಬಿ ಹಿಂದೆ ನೋಡ್ಬೇಕು ಅಂತ."

"ಗುಂಡಾ, ಆಪರೇಷನ್ನಿಗೆ ದಿನ ಕೊಡ್ತಾರಂತೆ ಅಂತ ಹೇಳು."

"ಗುಂಡಾ, ನಿಮ್ಮಮ್ಮಂಗೆ ಹೇಳು, ನಿಮ್ಮಜ್ಜಿಗೆ ಕಿವಿ ಕೇಳಲ್ಲ ಅಂತ. ನಿಮ್ಮ ತಾತನಿಂದ ಅಂಟಿಕೊಂಡಿದೆ."

ಇಬ್ಬರ ರಾಯಭಾರವನ್ನೂ ಗುಂಡ ಮುಷ್ಟಿ ಚೀಪುತ್ತ ಕೇಳುವನು. ಹಾಸುಗಳು ಗಾಳಿಗೆ ಉಬ್ಬಿ ಇಳಿಯುವವು. ಅವುಗಳ ಕೆಳಗೆ ಅವನ ಎದೆಯೂ ಉಬ್ಬಿ ಇಳಿಯುವುದು. ಅಜ್ಜಿ ಕೆಲಸ ಬಿಟ್ಟು ಅದನ್ನೇ ನೋಡುತ್ತ ನಿಂತುಬಿಡುವಳು. ಎಡ ಯಾವುದು, ಬಲ ಯಾವುದು? ಎರಡೂ ಒಂದೇ ತಾಳದಲ್ಲಿ ಏಳುತ್ತವೆ. ಕೆಟ್ಟದ್ದು ಎಲ್ಲಿದೆ? ನೋಡುತ್ತ ನೋಡುತ್ತ ಇಡೀ ಮನೆಯೇ ಒಂದು ಎದೆಯಾಗಿ ಮೆಲ್ಲಗೆ ಉಸಿರಾಡುತ್ತಿದೆ, ತಾನು ಅದರೊಳಗೆ ನಿಂತಿದ್ದೇನೆ ಅನ್ನಿಸಿ, ನೀರಿನ ಬಕೆಟ್ಟು ತುಂಬಿ ಹರಿದು ಕಾಲು ತಣ್ಣಗಾದ ಮೇಲೆಯೇ ಅವಳಿಗೆ ಎಚ್ಚರ.

ಅವಳು ಸುಮ್ಮಸುಮ್ಮನೆ ಹಟ ಹಿಡಿದಿರಲಿಲ್ಲ. ಆ ಆಸ್ಪತ್ರೆಯನ್ನು ಅವಳಷ್ಟು ಬಲ್ಲವರು ಯಾರು? ಯಾವ ವಾರ ಸಾವು ಹೆಚ್ಚು, ಯಾವ ವಾರ ವಾಂತಿ ಹೆಚ್ಚು, ಎಲ್ಲ ಅವಳ ತೊಟ್ಟಿಗೆ ಬಂದು ಬೀಳುತ್ತಿತ್ತು. ಆದರೆ ಅದರ ಮುಂಬಾಗಿಲನ್ನು ಅವಳು ನೋಡಿರಲಿಲ್ಲ. ಮೊಮ್ಮಗ ಹುಟ್ಟಿದ ದಿನವೂ ಹೋಗಿರಲಿಲ್ಲ; ಅವತ್ತು ಎರಡು ವ್ಯಾನು ಗಂಟು ಬಂದಿತ್ತು. ವಾಸಿಯಾದವರು ತಮ್ಮ ಕಾಲ ಮೇಲೆ ಮುಂದಿನಿಂದ ಹೊರಟುಹೋಗುವರು. ಹಿಂದಿನ ಗೇಟಿನಿಂದ ಅವಳ ಪಾಲಿಗೆ ಬರುವುದು ಅವರು ಬಿಟ್ಟುಹೋದ ನೆತ್ತರು ಮಾತ್ರ.

ಒಂದು ದಿನ ಎಲ್ಲರೂ ಊಟಕ್ಕೆ ಕೂತಿದ್ದಾಗ ಅವಳು ಹೊಸ ಗಂಟಿನಿಂದ ಒಂದು ಹಸಿರು ಬಟ್ಟೆಯನ್ನು ಕೈಗವಸಿನಲ್ಲಿ ಎತ್ತಿ ತಂದು ಬಾಗಿಲಲ್ಲಿ ಬಿಡಿಸಿ ಹಿಡಿದಳು. ನಡುವೆ ಅಗಲಕ್ಕೆ ಕೆಂಪು ಕಂದಾಗಿ ಒಣಗಿತ್ತು.

"ತಿನ್ನೋವಾಗ ಗಂಟು ಬಿಚ್ಚಬೇಡ್ವೇ," ಎಂದು ಮುದುಕ ಮೊಟ್ಟೆಗೆ ಅಂಗೈ ಮುಚ್ಚಿದ.

"ನೋಡ್ಲಿ. ಒಬ್ಬ ಗಟ್ಟಿ ಆಳಿನ ಮೈಯಿಂದ ಇಷ್ಟು ಹೋದ್ರೆ, ಗುಂಡನ ಮೈಯಲ್ಲಿ ಇರೋದೇ ಎಷ್ಟು? ಆಪರೇಷನ್ ಅಂದ್ರೆ ಇದು. ಕಾಗದದ ಮೇಲೆ ಬರೆದುಕೊಟ್ರೆ ಬೆಳ್ಳಗೆ ಕಾಣುತ್ತೆ."

ಮಗ ತಟ್ಟೆ ಸರಿಸಿದ. ಸೊಸೆ ಎದ್ದು ಹತ್ತಿರ ಬಂದು, ಬಟ್ಟೆಯ ನಡುಭಾಗವನ್ನು ನೋಡಿದಳು.

"ಅತ್ತೆ, ಇಲ್ಲಿ ಎರಡು ಪದರ ಹಾಕಿ ಹೊಲಿದಿದ್ದಾರೆ. ಇದು ಆಪರೇಷನ್ನಿನದಲ್ಲ."

"ಮತ್ತೆ?"

"ಹೆರಿಗೆ ಮಂಚದ್ದು. ನಾನು ಇಂಥದ್ದರ ಮೇಲೇ ಮಲಗಿದ್ದೆ. ಗುಂಡ ಹುಟ್ಟಿದ್ದು ಇದರ ಮೇಲೆ."

ನೀಲಿಯಜ್ಜಿ ಬಟ್ಟೆಯನ್ನು ನೋಡಿದಳು. ಇಷ್ಟು ಕಾಲ ಎಷ್ಟು ಇಂಥ ಬಟ್ಟೆಗಳನ್ನು, ಯಾರೋ ಸತ್ತರು ಪಾಪ ಎಂದುಕೊಂಡು ತಣ್ಣೀರಿಗೆ ಅದ್ದಿದ್ದಳೋ. ಅವೆಲ್ಲ ಯಾರದೋ ಮೊದಲ ಅಳುವಿನ ಗುರುತುಗಳೆ? ತೊಟ್ಟಿಯ ಕೆಂಪು ನೀರೆಲ್ಲ ಒಮ್ಮೆಗೇ ಬೇರೆ ಬಣ್ಣಕ್ಕೆ ತಿರುಗಿದ ಹಾಗಾಯಿತು. ಬಟ್ಟೆಯನ್ನು ಸುಮ್ಮನೆ ಮಡಿಸಿಕೊಂಡಳು.

"ಆದ್ರೂ ಬೇಡ," ಎಂದಳು. ಆದರೆ ಆ ಮಾತನ್ನು ಬುಟ್ಟಿಗೆ ಹೇಳಲಿಲ್ಲ, ಸೊಸೆಗೂ ಹೇಳಲಿಲ್ಲ; ಬಾಗಿಲ ಚೌಕಟ್ಟಿಗೆ ಹೇಳಿದಳು.

ಇನ್ನೂ ಕೆಲವು ವಾರ ಹೀಗೇ ಕಳೆದವು. ಗುಂಡನಿಗೆ ಐದು ತಿಂಗಳಾಗುತ್ತ ಬಂತು. ಆಸ್ಪತ್ರೆಯಿಂದ ಎರಡು ಸಲ ಫೋನು ಬಂತು; ಮಗ ಎರಡು ಸಲವೂ, "ಮನೇಲಿ ಮಾತಾಡ್ತಿದ್ದೀವಿ ಮೇಡಂ," ಎಂದ. ಆ ಮನೆಯಲ್ಲಿ ಮಾತು ನಿಂತು ಎಷ್ಟು ದಿನವಾಗಿದೆ ಎಂದು ಅವನಿಗೇ ಗೊತ್ತಿತ್ತು.

ಅದೊಂದು ಮಂಕು ಮಧ್ಯಾಹ್ನ. ಬಿಸಿಲು ಇದ್ದೂ ಇಲ್ಲದಂತಿತ್ತು. ಇಸ್ತ್ರಿಪೆಟ್ಟಿಗೆ ಅಲ್ಲಿ ಇಲ್ಲಿ ಸರಿದಾಡುವ ಸದ್ದಿಗೆ ಮನೆಯೇ ತೂಕಡಿಸುತ್ತಿತ್ತು. ನೀಲಿಯಜ್ಜಿ ಬಕೆಟ್ಟಿನಲ್ಲಿ ನೀಲಿ ಕದಡಿ ಎದ್ದಳು. ಬುಟ್ಟಿಯಲ್ಲಿ ಗುಂಡ ಕುಂಯ್‌ಗುಡುತ್ತಿದ್ದ. ಕೈಯನ್ನು ಬಟ್ಟೆಗೆ ಅರೆಬರೆ ಒರೆಸಿಕೊಂಡು ಬಗ್ಗಿದಳು. ಅವನು ಅವಳ ಬೆರಳನ್ನು ಹಿಡಿದು ಬಾಯಿಗೆ ಎಳೆದುಕೊಂಡ. ಹಲ್ಲಿಲ್ಲದ ಒಸಡಿನಲ್ಲಿ ಕಚ್ಚಿ, ಚೀಪಿ, ಹಾಗೇ ನಿದ್ದೆ ಹೋದ. ಬೆರಳನ್ನು ಮೆಲ್ಲಗೆ ಬಿಡಿಸಿಕೊಂಡು ಅವಳು ಅಂಗಳಕ್ಕೆ ಹೋದಳು.

ಹಾಸು ಸರಿದ ಸದ್ದಾಯಿತು. ಆಮೇಲೆ ಏನೂ ಇಲ್ಲ. ಆಮೇಲೆ ಮಂಚದ ಕಾಲಿಗೆ ಯಾರೋ ಎಡವಿದ ಸದ್ದು. ಅಜ್ಜಿ ತಿರುಗಿ ನೋಡುವಷ್ಟರಲ್ಲಿ ಸೊಸೆ ಮಗುವನ್ನು ಎದೆಗೆ ಒತ್ತಿಕೊಂಡು, ಚಪ್ಪಲಿ ಇಲ್ಲದೆ, ಹಗ್ಗಗಳನ್ನು ಭುಜದಿಂದ ಹರಿದುಕೊಂಡು ಬೀದಿಗೆ ಬಿದ್ದಿದ್ದಳು. ಅವಳ ಹಿಂದೆ ಬಿಳಿ ಹಾಸುಗಳು ಒಂದೊಂದಾಗಿ ನೆಲಕ್ಕೆ ಕುಸಿದವು.

"ಏನಾಯ್ತೇ?"

"ತುಟಿ," ಎಂಬುದಷ್ಟೇ ಕೇಳಿಸಿತು.

ನೀಲಿಯಜ್ಜಿ ಓಡಿದಳು. ಎಷ್ಟೋ ಕಾಲದಿಂದ ಓಡದ ಕಾಲುಗಳು. ರಸ್ತೆ ನೀರಿನೊಳಗೆ ಇದ್ದಂತೆ ತೂಗುತ್ತಿತ್ತು. ಸೊಸೆಯ ಬರಿಗಾಲು ಮುಂದೆ ಏಳುತ್ತಿತ್ತು, ಬೀಳುತ್ತಿತ್ತು. ಅಂಗಡಿಯವರು ಎದ್ದು ನಿಂತರು. ಒಂದು ಬಸ್ಸು ನಿಂತು ದಾರಿ ಕೊಟ್ಟಿತು. ಆಸ್ಪತ್ರೆಯ ಮುಂದಿನ ಗೇಟಿನಲ್ಲಿ ಕಾವಲಿನವನು ಅಜ್ಜಿಯ ಗುರುತು ಹಿಡಿದು ಕೋಲು ಅಡ್ಡ ಹಿಡಿದ.

"ಲಾಂಡ್ರಿಯವರು ಹಿಂದಿನ ಗೇಟು."

"ಇವತ್ತು ಬಟ್ಟೆಗೆ ಬಂದಿಲ್ಲ ಕಣಪ್ಪ. ನಿಮ್ಮೆಲ್ಲರ ಕೊಳೆ ಎತ್ತಿದ್ದೀನಿ, ಈಗ ಈ ಕೋಲು ಎತ್ತು," ಎಂದು ಅವಳು ಅದನ್ನು ಬದಿಗೆ ನೂಕಿ ಒಳನುಗ್ಗಿದಳು.

ಒಳಗೆ ನರ್ಸ್ ಮಗುವಿನ ಕಾಲ್ಬೆರಳಿಗೆ ಕೆಂಪು ದೀಪದ ಕ್ಲಿಪ್ಪು ಸಿಕ್ಕಿಸಿ ಯಂತ್ರ ನೋಡಿದಳು. ಮತ್ತೆ ಮಗುವನ್ನು ನೋಡಿದಳು. ಗುಂಡ ನಿದ್ದೆಗೆಟ್ಟ ಸಿಟ್ಟಿನಲ್ಲಿ ಕಾಲು ಝಾಡಿಸುತ್ತಿದ್ದ.

"ಆಕ್ಸಿಜನ್ ಚೆನ್ನಾಗೇ ಇದೆಯಲ್ಲ," ಎಂದಳು. ಒದ್ದೆ ಹತ್ತಿಯಿಂದ ತುಟಿ ಒರೆಸಿದಳು. ಹತ್ತಿ ನೀಲಿಯಾಯಿತು. ತುಟಿ ಗುಲಾಬಿಯಾಯಿತು.

ನರ್ಸಿನ ಕಣ್ಣು ಹತ್ತಿಯಿಂದ ಸೊಸೆಯ ಕೈಗೆ, ಅಲ್ಲಿಂದ ಅಜ್ಜಿಯ ಕೈಗೆ ಹೋಗಿ ನಿಂತಿತು. ನೀಲಿಯಜ್ಜಿ ಬೆರಳುಗಳನ್ನು ಮುಷ್ಟಿಯೊಳಗೆ ಬಚ್ಚಿಟ್ಟುಕೊಂಡಳು.

"ಚೀಪಿದ," ಎಂದಳು. "ನಾನೇ ಕೊಟ್ಟೆ."

ನರ್ಸ್ ನಕ್ಕುಬಿಟ್ಟಳು, ಮಗುವಿನ ಬಾಯೊಳಗೂ ಒಮ್ಮೆ ಒರೆಸಿದಳು. ಸೊಸೆಯೂ ನಕ್ಕಳು. ನಗುತ್ತಾ ನಗುತ್ತಾ ಅವಳ ಭುಜಗಳು ಕುಲುಕತೊಡಗಿದವು, ನಿಲ್ಲಿಸಲು ಆಗಲಿಲ್ಲ. ಕೊನೆಗೆ ಗೋಡೆಗೆ ಒರಗಿ ನೆಲದ ಮೇಲೆ ಕುಸಿದು ಕೂತಳು. ಅವಳ ಪಾದದಿಂದ ರಕ್ತ ಒಸರಿ, ಬಾಗಿಲಿನಿಂದ ಅಲ್ಲಿಯವರೆಗೂ ಹೆಜ್ಜೆಗಳು ಮೂಡಿದ್ದವು. ಅವಳಿಗೆ ಅದು ಗೊತ್ತೇ ಇರಲಿಲ್ಲ.

ಸರ್ಜನ್ ಕೆಳಗಿಳಿದು ಬಂದಳು. ಎದೆಗೆ ಸ್ಟೆತೊಸ್ಕೋಪ್ ಇಟ್ಟು ಕೇಳಿದಳು, ಸರಿಯಾಗಿದೆ ಎಂದಳು. ಹೊರಡುವ ಮುಂಚೆ ನೀಲಿಯಜ್ಜಿ ಅವಳ ಎದುರಿಗೆ ನಿಂತಳು.

"ಕಾಯೋದೂ ಒಂದು ದಾರಿ ಅಂದಿದ್ರಂತೆ. ಕಾದ್ರೆ ಏನಾಗುತ್ತೆ?"

"ಎಷ್ಟೋ ಮಕ್ಕಳಿಗೆ ಏನೂ ಆಗಲ್ಲ ಅಜ್ಜಿ. ಕೆಲವರಿಗೆ ಆಗುತ್ತೆ. ಯಾರಿಗೆ ಅಂತ ಮುಂಚೆ ಹೇಳೋಕೆ ನನಗೆ ಬರಲ್ಲ. ಆಪರೇಷನ್ನಲ್ಲೂ ಅಪಾಯ ಇದ್ದೇ ಇದೆ, ಇಲ್ಲ ಅನ್ನಲ್ಲ. ಆದ್ರೆ ಮಗು ಆರೋಗ್ಯವಾಗಿದ್ದಾಗ ಮಾಡಿದ್ರೆ ತೀರಾ ಕಡಿಮೆ. ಕಾಯ್ತೀವಿ ಅಂದ್ರೆ, ಕಣ್ಣಲ್ಲಿ ಕಣ್ಣಿಟ್ಟು ನೋಡ್ತಾ ಇರಬೇಕು. ವರ್ಷಗಟ್ಟಲೆ."

"ನೋಡ್ತಾ ಇರೋರು ಯಾರು?"

ನೆಲದ ಮೇಲೆ ಕೂತವಳ ಕಡೆ ಸರ್ಜನ್ನಿನ ನೋಟ ಹೋಯಿತು, ಅಜ್ಜಿಯದೂ ಹೋಯಿತು. ಕಾಯುವುದು ಎಂದು ಇಷ್ಟು ದಿನ ಹೇಳಿದ್ದು ತನ್ನ ಬಾಯಿ. ಓಡಿದ್ದು ಆ ಕಾಲು. ಮನೆಯಲ್ಲಿ ತೀರ್ಮಾನ ಮಾಡುವವರು ಒಬ್ಬರು, ಅದನ್ನು ಹಗಲೂ ರಾತ್ರಿ ಹೊರುವವರು ಇನ್ನೊಬ್ಬರು ಎಂಬ ಕಟ್ಟಳೆ ಯಾವ ಕಲ್ಲಿನ ಮೇಲೂ ಬರೆದಿಲ್ಲ. ಆದರೂ ಅದು ಎಷ್ಟು ಮನೆಗಳಲ್ಲಿ ಕಲ್ಲಿಗಿಂತ ಗಟ್ಟಿಯಾಗಿ ಕೂತಿಲ್ಲ?

ಮನೆಗೆ ಬಂದು ನೀಲಿಯಜ್ಜಿ ಬೆಚ್ಚಗಿನ ನೀರು ತಂದು ಸೊಸೆಯ ಪಾದ ಹಿಡಿದಳು. ಸೊಸೆ ಕಾಲು ಎಳೆದುಕೊಂಡಳು.

"ಬೇಡ ಅತ್ತೆ, ನಾನೇ ತೊಳ್ಕೋತೀನಿ."

"ಸುಮ್ನಿರೆ. ಗಾಜಿನ ಚೂರು ಇದೆ ಇನ್ನೂ." ಸೂಜಿಯಿಂದ ಚೂರು ತೆಗೆದಳು, ಬಟ್ಟೆ ಸುತ್ತಿದಳು. ತಲೆ ಎತ್ತದೆ ಹೇಳಿದಳು: "ನಂಗೆ ಈಗಲೂ ಭಯಾನೇ. ಆದ್ರೆ ಹೆತ್ತವಳು ನೀನು, ಹೇಳಬೇಕಾದವಳೂ ನೀನು. ಆಪರೇಷನ್ ಯಾವತ್ತು ಅಂತ ಕೇಳು."

"ನಂಗೂ ಭಯ ಅತ್ತೆ," ಎಂದಳು ಸೊಸೆ. "ನಿಮಗಿಂತ ಜಾಸ್ತಿ."

"ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀವು ಗೆದ್ದುಬಿಡ್ತಿದ್ರಿ."

ಆಪರೇಷನ್ನಿನ ದಿನ ಮುದುಕ ಬಾಯ್ಲರ್ ಆರಿಸಿದ. ಆ ಮನೆಯಲ್ಲಿ ಅದು ಯಾರು ಸತ್ತಾಗಲೂ ಆರಿರಲಿಲ್ಲ. ಸದ್ದು ನಿಂತೊಡನೆ ನಾಲ್ವರೂ ಒಬ್ಬರನ್ನೊಬ್ಬರು ಹೊಸದಾಗಿ ನೋಡಿದವರಂತೆ ನಿಂತುಕೊಂಡರು. ಆಸ್ಪತ್ರೆಯಲ್ಲಿ ಗುಂಡನನ್ನು ಒಳಗೆ ಒಯ್ಯುವಾಗ ಅವನು ಅಳಲಿಲ್ಲ. ಮೇಲಿನ ದೀಪಗಳನ್ನು ಮನೆಯ ಹಾಸುಗಳನ್ನು ನೋಡುವಂತೆಯೇ ನೋಡುತ್ತ ಹೋದ.

ಕಾಯುವ ಬೆಂಚು ಉದ್ದವಾಗಿತ್ತು. ಮಗ ನಿಲ್ಲುವನು, ಕೂರುವನು, ವ್ಯಾನಿನ ಕೀಲಿ ಹುಡುಕುವನು, ಕೈಯಲ್ಲೇ ಇರುವುದು.

"ಕೂತ್ಕೊಳ್ಳೋ," ಎಂದ ಮುದುಕ. "ನೀನು ನಡೆದ್ರೆ ನನಗೆ ಸುಸ್ತಾಗುತ್ತೆ."

"ನಿಂಗೆ ಕೇಳ್ಸುತ್ತಾ ನನ್ನ ಹೆಜ್ಜೆ?"

"ಇವತ್ತು ಎಲ್ಲಾ ಕೇಳ್ಸುತ್ತಿದೆ ಕಣೋ. ಅದೇ ಕಷ್ಟ."

ಕಾರಿಡಾರಿನ ಕೊನೆಯ ಕಿಟಕಿಯಲ್ಲಿ ಬೆಳಕು ಗೋಡೆಯಿಂದ ಗೋಡೆಗೆ ತೆವಳಿತು. ಯಾರೋ ಚಹಾ ತಂದರು, ಆರಿತು. ಕೊನೆಗೆ ಸರ್ಜನ್ ಹೊರಬಂದು, ಮುಖದ ಬಟ್ಟೆ ಇಳಿಸಿ, ನೇರ ಸೊಸೆಯ ಬಳಿಗೆ ನಡೆದಳು.

"ಆಯ್ತು ಅಮ್ಮ. ಸಣ್ಣ ತೂತುಗಳಲ್ಲೇ ಕ್ಯಾಮೆರಾ ಹಾಕಿ ಮಾಡಿದೆವು. ಗುಳ್ಳೆ ಇದ್ದ ಭಾಗ ಪೂರ್ತಿ ಬಂತು. ಪರೀಕ್ಷೆಗೆ ಕಳಿಸ್ತೀವಿ. ಎದೆಯಲ್ಲಿ ಒಂದು ನಳಿಗೆ ಇರುತ್ತೆ, ಗಾಳಿ ಸೋರೋದು ನಿಂತ ಮೇಲೆ ತೆಗೀತೀವಿ. ತಾನಾಗೇ ಉಸಿರಾಡ್ತಿದ್ದಾನೆ."

ಸೊಸೆ ಅತ್ತೆಯ ತೋಳು ಹಿಡಿದುಕೊಂಡಳು.

ನಾಲ್ಕನೆಯ ದಿನ ನಳಿಗೆ ತೆಗೆದರು. ಗುಂಡ ಮಂಚದಲ್ಲಿ ಕೈಕಾಲು ಚೆಲ್ಲಿ ಮಲಗಿದ್ದ. ಎಡಗಡೆ ಪುಟ್ಟ ಪಟ್ಟಿಗಳು. ಪಕ್ಕದ ಬೆಂಚಿನಲ್ಲಿ ಸೊಸೆ ಕೂತಲ್ಲೇ ನಿದ್ದೆ ಹೋಗಿ, ತಲೆ ಅತ್ತೆಯ ಭುಜಕ್ಕೆ ಬಂದು ನಿಂತಿತ್ತು. ರೌಂಡಿಗೆ ಬಂದ ಸರ್ಜನ್ನಿಗೆ ಅಜ್ಜಿ ಪಿಸುದನಿಯಲ್ಲಿ ಕೇಳಿದಳು:

"ಡಾಕ್ಟ್ರೇ, ತೆಗೆದ ಜಾಗ ಈಗ ಖಾಲೀನಾ?"

"ಮೇಲಿನ ಭಾಗ ಹಾಗೇ ಇದೆ ಅಜ್ಜಿ. ಇಷ್ಟು ಚಿಕ್ಕವರದು ಇನ್ನೂ ಬೆಳೀತಾ ಇರೋ ಶ್ವಾಸಕೋಶ. ಜಾಗ ಸಿಕ್ತು ಅಂದ್ರೆ ಅದೇ ಹಿಗ್ಗಿ, ಬೆಳೆದು ತುಂಬಿಕೊಳ್ಳುತ್ತೆ."

"ಯಾವಾಗ ಶುರುವಾಗುತ್ತೆ?"

"ಶುರುವಾಗಿಬಿಟ್ಟಿದೆ."

ಸರ್ಜನ್ ಮುಂದಿನ ಮಂಚಕ್ಕೆ ಹೋದಳು. ನೀಲಿಯಜ್ಜಿ ಗುಂಡನ ಎದೆಯನ್ನೇ ನೋಡುತ್ತ ಕೂತಳು. ಸೊಸೆಯ ತಲೆಯ ಭಾರಕ್ಕೆ ತೋಳು ಜೋಮು ಹಿಡಿದು, ಕೊನೆಗೆ ತನ್ನದಲ್ಲವೇನೋ ಅನ್ನಿಸಿತು. ಅವಳು ಅದನ್ನು ಅಲುಗಿಸಲಿಲ್ಲ.